ಶರಣು ಬಂದವನೂ ಕುಗ್ಗುವ ಗೆರೆಯೂ

ಮನೆಯ ಮಕ್ಕಳು ವೀಡಿಯೋ ಆಟವಾಡುವಾಗ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ. ಗುಂಡು ಹಾರಿಸುವುದು, ಕಾರು ಓಡಿಸುವುದು ಇಷ್ಟೇ ಅಲ್ಲಿರುವುದೆಂದು ತಿಳಿದಿದ್ದರೆ ನಿಮಗೆ ಅಚ್ಚರಿಯಾದೀತು. ಕೆಲವು ಆಟಗಳಲ್ಲಿ ಕಥೆ ಒಂದು ಇಕ್ಕಟ್ಟಿಗೆ ಬಂದು ನಿಲ್ಲುತ್ತದೆ. ಇಬ್ಬರು ಅಪಾಯದಲ್ಲಿದ್ದಾರೆ, ಒಬ್ಬರನ್ನು ಮಾತ್ರ ಉಳಿಸಬಹುದು. ಪರದೆಯ ಮೇಲೆ ಆಯ್ಕೆಗಳು ಮೂಡುತ್ತವೆ, ಜೊತೆಗೆ ಒಂದು ಗೆರೆ ಕ್ಷಣಕ್ಷಣಕ್ಕೂ ಕುಗ್ಗುತ್ತ ಹೋಗುತ್ತದೆ. ಅದು ಮುಗಿಯುವುದರೊಳಗೆ ಆಟಗಾರನು ಒಂದು ಗುಂಡಿಯನ್ನು ಒತ್ತಬೇಕು. 2012ರಲ್ಲಿ ಬಂದ ‘ದಿ ವಾಕಿಂಗ್ ಡೆಡ್’ ಈ ಬಗೆಯ ಆಟ. ಅದರ ಸಂಭಾಷಣೆಗಳಲ್ಲಿ ಏನನ್ನೂ ಒತ್ತದೆ ಕುಳಿತರೆ ಆ ಮೌನವೇ ಉತ್ತರವೆಂದು ಎಣಿಕೆಯಾಗುತ್ತದೆ. ಅಧ್ಯಾಯ ಮುಗಿದಾಗ ಶೇಕಡಾ ಎಷ್ಟು ಮಂದಿ ನಿಮ್ಮಂತೆಯೇ ಆರಿಸಿಕೊಂಡರೆಂಬ ಲೆಕ್ಕವೂ ತೆರೆಯ ಮೇಲೆ ಬರುತ್ತದೆ.

ಇಂಥ ಆಟಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಒಳಿತು ಕೆಡುಕುಗಳ ನಡುವೆ ಮಗುವನ್ನು ನಿಲ್ಲಿಸಿ ‘ನೀನೇನು ಮಾಡುವೆ?’ ಎಂದು ಕೇಳುವುದು ಸಣ್ಣ ಸಂಗತಿಯಲ್ಲ. ಆದರೆ ನಿಜವಾದ ಇಕ್ಕಟ್ಟು ಇದೇ ರೂಪದಲ್ಲಿ ಬರುತ್ತದೆಯೇ? ಈ ಪ್ರಶ್ನೆಯನ್ನು ಕೇಳಲು ತುಂಗಭದ್ರೆಯ ದಡಕ್ಕಿಂತ ತಕ್ಕ ಸ್ಥಳ ನನಗೆ ತೋರುವುದಿಲ್ಲ.

ಹಂಪೆಯ ಹೇಮಕೂಟವನ್ನು ಹತ್ತಿದವರು ಅಲ್ಲಿಯ ತ್ರಿಕೂಟ ಗುಡಿಗಳನ್ನು ಕಂಡಿರುತ್ತಾರೆ. ಅವುಗಳಲ್ಲೊಂದು ವಿಜಯನಗರಕ್ಕಿಂತ ಹಳೆಯದು. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲದೇವನು ತಂದೆಯೇ ಮೊದಲಾದ ಹಿರಿಯರ ನೆನಪಿಗೆ ಅಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ಶಾಸನ ಹೇಳುತ್ತದೆ. ಇಂದಿನ ಕಂಪ್ಲಿ, ಸಂಡೂರಿನ ಗುಡ್ಡಗಳು, ಹೊಸಪೇಟೆಯ ಸುತ್ತಿನ ಬಯಲು, ಹೊಳೆಯಾಚೆಯ ಆನೆಗೊಂದಿ ಮತ್ತು ಕುಮ್ಮಟದುರ್ಗ, ಇಷ್ಟು ಅವನ ರಾಜ್ಯದ ನಡುಭಾಗ. ದೇವಗಿರಿಯ ಸೇವುಣರು ಅಳಿದ ಮೇಲೆ ಉತ್ತರದ ದೊಡ್ಡ ಸೈನ್ಯಕ್ಕೂ ದಕ್ಷಿಣದ ಹೊಯ್ಸಳರಿಗೂ ನಡುವೆ ಉಳಿದ ಚಿಕ್ಕ ನಾಡು.

1327ರ ಸುಮಾರಿಗೆ ಆ ನಾಡಿಗೆ ಒಬ್ಬ ಓಡಿಬಂದ. ಅವನು ಬಹಾಉದ್ದೀನ್ ಗುರ್ಷಾಸ್ಪ್. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ. ಇಂದಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು. ಸುಲ್ತಾನನ ವಿರುದ್ಧ ಬಂಡೆದ್ದು ಸೋತಿದ್ದ. ಅವನು ಕಂಪಿಲನ ನೆಂಟನಲ್ಲ, ಅವನ ಧರ್ಮದವನೂ ಅಲ್ಲ. ಅವನನ್ನು ಒಳಗೆ ಬಿಟ್ಟುಕೊಂಡರೆ ದೆಹಲಿಯ ಸೈನ್ಯ ಬೆನ್ನಟ್ಟಿ ಬರುವುದು ನಿಶ್ಚಿತ. ಕಂಪಿಲ ಬಿಟ್ಟುಕೊಂಡ.

ಸೈನ್ಯ ಬಂದಿತು. ಮುಂದೆ ನಡೆದುದನ್ನು ಕೆಲವೇ ವರ್ಷಗಳ ಬಳಿಕ ದೆಹಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ಮುತ್ತಿಗೆಯೊಳಗೆ ಕಾಳು ತೀರುತ್ತ ಬಂದಿತು. ಕುಗ್ಗುವ ಗೆರೆ ಎಂದೆನಲ್ಲ, ಕೋಟೆಯೊಳಗೆ ಅದು ಕಣಜದ ಮಟ್ಟ. ಆಗ ಕಂಪಿಲ ಅತಿಥಿಯನ್ನು ಕರೆದು, ತಾನು ತನ್ನವರೊಡನೆ ಸಾಯಲು ನಿಶ್ಚಯಿಸಿರುವುದಾಗಿ ಹೇಳಿ, ಇನ್ನೊಬ್ಬ ರಾಜನ ಬಳಿಗೆ ಕಳುಹಿಸಿಕೊಟ್ಟ. ಆ ರಾಜ ಹೊಯ್ಸಳ ಮೂರನೆಯ ಬಲ್ಲಾಳ. ಬಳಿಕ ದೊಡ್ಡ ಬೆಂಕಿ ಹೊತ್ತಿಸಲಾಯಿತು. ಸಾಯಲು ಒಪ್ಪುವವರು ತನ್ನಂತೆಯೇ ಮಾಡಬಹುದೆಂದು ರಾಜ ಮಡದಿಯರಿಗೂ ಹೆಣ್ಣುಮಕ್ಕಳಿಗೂ ತಿಳಿಸಿದ. ಅವರು ಮಿಂದು, ಗಂಧ ಹಚ್ಚಿಕೊಂಡು ಬೆಂಕಿಗೆ ನಡೆದರು. ರಾಜ ಕವಚ ತೊಡದೆ ಹೊರಬಂದು ಕಾದಾಡಿ ಸತ್ತ.

ಈ ವೃತ್ತಾಂತದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ರಾಜನ ಶೌರ್ಯವಲ್ಲ. ಆ ಹೆಂಗಸರಿಗೆ ಕೇಳಿದ ಪ್ರಶ್ನೆ. ಹೊರಗೆ ಸೈನ್ಯ, ಒಳಗೆ ಬೆಂಕಿ; ನಡುವೆ ‘ಒಪ್ಪುವವರು’ ಎಂಬ ಮಾತಿಗೆ ಏನರ್ಥ? ಶರಣಾರ್ಥಿಗೆ ಬಾಗಿಲು ತೆರೆದ ದಿನ ಅವರನ್ನು ಯಾರೂ ಕೇಳಿರಲಾರರು. ಕೋಟೆಯ ಹೊರಗಿನ ಹಳ್ಳಿಗಳ ಒಕ್ಕಲಿಗರನ್ನಂತೂ ಕೇಳುವ ಮಾತೇ ಇಲ್ಲ. ಆಟದಲ್ಲಿ ಗುಂಡಿ ಒತ್ತುವವನು ಒಬ್ಬನೇ. ಉಳಿದವರೆಲ್ಲ ಅವನ ಆಯ್ಕೆಯ ಪರಿಣಾಮಗಳು. ಇತಿಹಾಸದಲ್ಲಿ ಆ ಪರಿಣಾಮಗಳಿಗೂ ಉಸಿರಿತ್ತು.

ನಮ್ಮ ಕನ್ನಡದ ಕಾವ್ಯಪರಂಪರೆ ಇದೇ ಮನೆತನದ ಇನ್ನೊಂದು ಇಕ್ಕಟ್ಟನ್ನು ಹೇಳುತ್ತದೆ. ಮಲತಾಯಿ ರತ್ನಾಜಿಯ ಸುಳ್ಳು ದೂರನ್ನು ನಂಬಿದ ಕಂಪಿಲ, ಮಗ ಕುಮಾರರಾಮನ ತಲೆ ತರಲು ಮಂತ್ರಿ ಬೈಚಪ್ಪನಿಗೆ ಆಜ್ಞಾಪಿಸುತ್ತಾನೆ. ಮಂತ್ರಿಯ ಮುಂದೆ ಇದ್ದ ಹಾದಿಗಳು ಎರಡೇ: ಕೊಲ್ಲುವುದು, ಇಲ್ಲವೇ ಆಜ್ಞೆ ಮೀರುವುದು. ಅವನು ಯಾರೂ ಕೊಡದ ಮೂರನೆಯದನ್ನು ಹುಡುಕಿದ. ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆಯ ತಲೆಯನ್ನು ರಾಜನಿಗೆ ತೋರಿಸಿದ. ಕಥೆ ಕೇಳುವಾಗ ನಮಗೆ ನಿರಾಳವಾಗುತ್ತದೆ. ಆ ತಲೆ ಯಾರದು ಎಂದು ಕೇಳಿಕೊಂಡರೆ ನಿರಾಳ ಉಳಿಯುವುದಿಲ್ಲ.

ಆಟಗಳನ್ನು ಕಟ್ಟುವವರಲ್ಲಿಯೂ ಕೆಲವರು ಇದನ್ನು ಯೋಚಿಸಿದ್ದಾರೆಂದು ಹೇಳಲೇಬೇಕು. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬುವರು ‘ಅಲ್ಟಿಮಾ’ ಸರಣಿಯ ನಾಲ್ಕನೆಯ ಆಟದಲ್ಲಿ ಎಂಟು ಸದ್ಗುಣಗಳನ್ನಿಟ್ಟು, ಅವನ್ನು ಸಾಧಿಸಿದವನಿಗೆ ನಮ್ಮ ‘ಅವತಾರ’ ಪದವನ್ನೇ ಹೆಸರಾಗಿ ಕೊಟ್ಟರು. ಅಲ್ಲಿ ಕಣ್ಣು ಕಾಣದ ಒಬ್ಬ ವ್ಯಾಪಾರಿಗೆ ಹಣ ಕಡಿಮೆ ಕೊಟ್ಟು ಹೋಗಬಹುದು. ಯಾವ ಗೆರೆಯೂ ಕುಗ್ಗುವುದಿಲ್ಲ, ಯಾರೂ ಎಚ್ಚರಿಸುವುದಿಲ್ಲ. ಆದರೆ ಆ ನಡತೆ ಒಳಗೆ ದಾಖಲಾಗುತ್ತದೆ. ಕಂಪಿಲನದೂ ಹೀಗೆಯೇ ಇದ್ದಿರಬೇಕೆಂದು ನನ್ನ ಊಹೆ. ಕಣಜ ಬರಿದಾದ ದಿನ ಅವನು ಹೊಸದಾಗಿ ಏನನ್ನೂ ಆರಿಸಲಿಲ್ಲ. ಬಂದವನಿಗೆ ನೆರಳು ಕೊಡುವವನಾಗಿ ಅವನು ಮೊದಲೇ ಬೆಳೆದಿದ್ದ.

ಬಲ್ಲಾಳ ಬೇರೆಯೇ ಬಗೆದ. ಅವನು ಗುರ್ಷಾಸ್ಪನನ್ನು ಹಿಡಿದು ಸುಲ್ತಾನನ ಸೈನ್ಯಕ್ಕೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ. ಬಲ್ಲಾಳನನ್ನು ಹೇಡಿ ಎನ್ನಲು ನನಗೆ ಮನಸ್ಸಿಲ್ಲ. ಉರಿದುಹೋದ ಕಂಪಿಲಿಯನ್ನು ಕಂಡಿದ್ದವನು ತನ್ನ ಪ್ರಜೆಗಳನ್ನು ನೆನೆದಿರಬಹುದು. ಅವನ ರಾಜ್ಯ ಇನ್ನೂ ಹಲವು ವರ್ಷ ಉಳಿಯಿತು. ಅಂಕಗಳನ್ನು ಕೂಡಿ ಕಳೆಯುವ ಆಟವೊಂದು ಈ ಇಬ್ಬರು ಅರಸರಿಗೆ ಎಷ್ಟೆಷ್ಟು ಕೊಟ್ಟೀತೋ ತಿಳಿಯದು. ಬಲ್ಲಾಳ ಮುಂದೆ ಮಧುರೆಯ ಸುಲ್ತಾನನೊಡನೆ ಕಾದಿ ಸೆರೆಸಿಕ್ಕು ಕೊಲೆಯಾದ. ಅವನ ಚರ್ಮದಲ್ಲಿ ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದ್ದುದನ್ನು ತಾನು ಕಂಡೆನೆಂದು ಅದೇ ಇಬ್ನ್ ಬತೂತ ಬರೆಯುತ್ತಾನೆ. ಕಂಪಿಲನ ಸೆರೆಸಿಕ್ಕ ಮಕ್ಕಳಲ್ಲಿ ಮೂವರನ್ನೂ ಅವನು ದೆಹಲಿಯಲ್ಲಿ ಕಂಡಿದ್ದ. ಅವರು ಇಸ್ಲಾಮಿಗೆ ಸೇರಿ, ತಂದೆಯ ಕೋಟೆಯನ್ನು ಮುರಿಸಿದ ಸುಲ್ತಾನನ ಆಸ್ಥಾನದಲ್ಲೇ ಅಮೀರರಾಗಿದ್ದರು.