ದಾರದ ಗಂಟಿನಲ್ಲಿ ಅರಳಿದ ಬೀಸಣಿಗೆ



ಆಗಸ್ಟ್ ತಿಂಗಳ ಮೊದಲ ಭಾನುವಾರ ಮಕ್ಕಳು ಪರಸ್ಪರರ ಮಣಿಕಟ್ಟಿಗೆ ಕಟ್ಟುವ ಸ್ನೇಹಕಂಕಣವನ್ನು ನೀವೆಲ್ಲರೂ ಬಲ್ಲಿರಿ. ಗ್ವಾಟೆಮಾಲದ ಮಾಯಾ ಜನರ ದಾರದ ಕಂಕಣಗಳು 1980ರ ದಶಕದಲ್ಲಿ ಅಮೆರಿಕದ ಹರೆಯದವರ ಕೈಸೇರಿ ಲೋಕಪ್ರಿಯವಾದವು. ಈಗ ಅವುಗಳಲ್ಲಿ ಮಡಿಸುವ ಬೀಸಣಿಗೆಯ ವಿನ್ಯಾಸವನ್ನೂ ಮೂಡಿಸುತ್ತಾರೆ. ನಾನು ಕಂಡ ಅಂಥದೊಂದರ ಹೆಸರು ‘ಚೀನೀ ಬೀಸಣಿಗೆ’ ಎಂದಿತ್ತು. ಚರಿತ್ರೆಯನ್ನು ಬೋಧಿಸಿದವನು ಇದನ್ನು ಕಂಡು ಸುಮ್ಮನಿರುವುದು ಕಷ್ಟ.

ಚೀನಾದಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಹಿಡಿಯುಳ್ಳ, ಮಡಿಸಲಾಗದ ಬೀಸಣಿಗೆ. ಮಡಿಸುವ ಬಗೆ ಜಪಾನಿನದು. ಕ್ಯೋಟೋ ನಗರದ ತೋಜಿ ದೇವಾಲಯದಲ್ಲಿರುವ ಸಹಸ್ರಬಾಹು ಕನ್ನೊನ್ ವಿಗ್ರಹದ ತೋಳಿನೊಳಗೆ ಕ್ರಿ.ಶ. 877ರ ಉಲ್ಲೇಖವುಳ್ಳ ಬೀಸಣಿಗೆಯೊಂದು ದೊರೆತಿದೆ. ಅದು ಕಾಗದದ್ದಲ್ಲ, ಹಿನೋಕಿ ಮರದ ತೆಳುಪಟ್ಟಿಗಳದು. ಇಂಥ ‘ಹಿಯೋಗಿ’ಯಲ್ಲಿ ಪಟ್ಟಿಗಳನ್ನು ಬುಡದಲ್ಲಿ ಒಂದುಗೂಡಿಸಿ, ಮೇಲ್ಭಾಗದಲ್ಲಿ ದಾರದಿಂದ ಒಂದಕ್ಕೊಂದು ಪೋಣಿಸುತ್ತಿದ್ದರು. ಆ ದಾರ ಕಡಿದರೆ ಬೀಸಣಿಗೆಯೇ ಇಲ್ಲ. ಉಳಿಯುವುದು ಬರಿಯ ಮರದ ಸೀಳುಗಳು! ಅರಮನೆಯ ಸ್ತ್ರೀಯರ ಬೀಸಣಿಗೆಗಳ ಎರಡು ಅಂಚುಗಳಿಂದ ಬಣ್ಣಬಣ್ಣದ ರೇಷ್ಮೆಯ ಹುರಿಗಳು ಉದ್ದಕ್ಕೆ ಇಳಿಬಿದ್ದಿರುತ್ತಿದ್ದವು. 988ರಲ್ಲಿ ಚೋನೆನ್ ಎಂಬ ಜಪಾನೀ ಭಿಕ್ಷುವು ಶಿಷ್ಯನ ಮೂಲಕ ಚೀನಾದ ಸೋಂಗ್ ಆಸ್ಥಾನಕ್ಕೆ ಕಳುಹಿಸಿದ ಕಾಣಿಕೆಗಳಲ್ಲಿ ಮಡಿಸುವ ಬೀಸಣಿಗೆಗಳಿದ್ದವು. ಚೀನೀಯರು ಅದನ್ನು ಕಲಿತು ಸೊಗಸುಗೊಳಿಸಿದರು, ನಿಜ. ಆದರೆ ಕೊಟ್ಟವರ ಹೆಸರನ್ನು ಅಳಿಸಿ ಪಡೆದವರ ಹೆಸರನ್ನು ಬರೆಯುವುದು ನ್ಯಾಯವಲ್ಲ.

ಇನ್ನು ಗಂಟಿನ ವಿಚಾರ. ಒಂದು ದಾರವನ್ನು ಪಕ್ಕದ ದಾರಕ್ಕೆ ಸುತ್ತಿ, ಕುಣಿಕೆಯೊಳಗಿಂದ ಎಳೆದು ಬಿಗಿದು, ಅದನ್ನೇ ಮತ್ತೊಮ್ಮೆ ಮಾಡಿದರೆ ಒಂದು ಗಂಟು. ಗಂಟುಗಳ ಸಾಲು ಓರೆಯಾಗಿ ಇಳಿಯುವುದರಿಂದ ಬೀಸಣಿಗೆಯ ಕಡ್ಡಿಗಳು ಸಲೀಸಾಗಿ ಮೂಡುತ್ತವೆ. ಅದರ ಬಾಗಿದ ಅಂಚು ಮಾತ್ರ ಮೂಡಲೊಲ್ಲದು, ಮೆಟ್ಟಿಲುಮೆಟ್ಟಿಲಾಗಿಯೇ ನಿಲ್ಲುತ್ತದೆ. ಎರಡು ಬಣ್ಣಗಳನ್ನು ಒಂದು ಬಿಟ್ಟೊಂದು ಸಾಲಿನಲ್ಲಿ ತಂದರೆ ಮಡಿಕೆಗಳ ಭ್ರಮೆ ಹುಟ್ಟುತ್ತದೆ. ಸಹನೆ ಬೇಕು. ನಿಮ್ಮಲ್ಲಿ ಕೆಲವರಿಗೆ ಗಣಿತದ ಲೆಕ್ಕಕ್ಕೂ ಅಷ್ಟು ಸಹನೆಯಿರಲಿಲ್ಲವೆಂಬುದು ಬೇರೆ ಮಾತು.

ಸ್ನೇಹದ ಗುರುತಿಗೆ ಬೀಸಣಿಗೆ ಏಕೆಂದು ಕೆಲವರು ಕೇಳಬಹುದು. ಜಪಾನಿನಲ್ಲಿ ಅದಕ್ಕೆ ‘ಸುಎಹಿರೊ’, ಅಂದರೆ ‘ತುದಿಯತ್ತ ವಿಸ್ತರಿಸುವುದು’, ಎಂಬ ಮಂಗಳಕರ ಹೆಸರೂ ಉಂಟು. ನನಗೆ ಅದಕ್ಕಿಂತ ಹಿರಿದಾಗಿ ತೋರುವ ಉತ್ತರ ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುರಸಾಕಿ ಶಿಕಿಬು ಎಂಬ ಮಹಿಳೆ ರಚಿಸಿದ ‘ಗೆಂಜಿ ಮೊನೊಗತರಿ’ಯಲ್ಲಿದೆ. ಚೆರ್ರಿ ಹೂವಿನ ಉತ್ಸವದ ರಾತ್ರಿ ಅರಮನೆಯಲ್ಲಿ ರಾಜಪುತ್ರ ಗೆಂಜಿ ಒಬ್ಬ ಯುವತಿಯನ್ನು ಸಂಧಿಸುತ್ತಾನೆ. ಆಕೆ ತನ್ನ ಹೆಸರನ್ನು ಹೇಳುವುದಿಲ್ಲ. ಬೆಳಗಾಗುವಾಗ ಅಗಲಬೇಕಾದ ಅವಸರದಲ್ಲಿ ಇಬ್ಬರೂ ತಮ್ಮ ಬೀಸಣಿಗೆಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಅವನಲ್ಲಿ ಉಳಿಯುವುದು ನೀರಿನಲ್ಲಿ ಬಿಂಬಿಸಿದ ಚಂದ್ರನ ಚಿತ್ರವುಳ್ಳ ಒಂದು ಬೀಸಣಿಗೆ ಮಾತ್ರ. ಮುಂದೆ ಇನ್ನೊಂದು ಔತಣದ ರಾತ್ರಿ, ಪರದೆಯಾಚೆ ಕುಳಿತ ಸ್ತ್ರೀಯರ ನಡುವೆ, ಬೀಸಣಿಗೆಯ ಮಾತೆತ್ತಿಯೇ ಅವನು ಆಕೆಯನ್ನು ಕಂಡುಹಿಡಿಯುತ್ತಾನೆ.