ಅಂಜೂರದ ಕೊಲ್ಲಿಗೆ ಮತ್ತೊಮ್ಮೆ

ರಜೆಗೆಂದು ಒಮ್ಮೆ ಹೋಗಿ ಸುಖಪಟ್ಟ ಊರಿಗೆ ಮತ್ತೆ ಹೋಗಬಾರದೆಂದು ತಿಳಿದವರು ಹೇಳುತ್ತಾರೆ. ನಾವು ಈ ಮಾತನ್ನು ಎರಡು ಸಲ ಮೀರಿದ್ದೇವೆ. ಸೈಪ್ರಸ್ ದ್ವೀಪದ ಪೂರ್ವ ತೀರದಲ್ಲಿ ಪ್ರೊಟಾರಸ್ ಎಂಬ ಊರಿದೆ. ಅಲ್ಲಿಯ ಮರಳದಂಡೆಯ ಬಳಿ ಹಳೆಯದೊಂದು ಅಂಜೂರದ ಮರವಿರುವುದರಿಂದ ಆ ಜಾಗಕ್ಕೆ ಅಂಜೂರದ ಕೊಲ್ಲಿ ಎಂದೇ ಹೆಸರು. ಇಂಗ್ಲೆಂಡಿನಲ್ಲಿ ನೌಕರಿಯಲ್ಲಿದ್ದ ಕಾಲದಲ್ಲಿ, 1996ರಲ್ಲಿ, ಅಲ್ಲಿಯ ಮೋಡ ಮಳೆಗಳಿಂದ ರೋಸಿಹೋಗಿ ಹೆಂಡತಿ ಮತ್ತು ಎಂಟು ವರ್ಷದ ಮಗನೊಡನೆ ಮೊದಲ ಸಲ ಹೋದೆ. 1998ರಲ್ಲಿ ಮತ್ತೆ ಹೋದೆವು. ಮೂರನೆಯ ಸಲ ಹೋದದ್ದು 2022ರಲ್ಲಿ. ಆಗ ಮರಳಿನಲ್ಲಿ ಗುಂಡಿ ತೋಡುತ್ತಿದ್ದವಳು ಮಗನ ಮಗಳು.

ಮೆಡಿಟರೇನಿಯನ್ನಿನ ಅಷ್ಟೊಂದು ತೀರಗಳಲ್ಲಿ ಸೈಪ್ರಸ್ಸನ್ನೇ ಆರಿಸಿದ್ದಕ್ಕೆ ನನ್ನದೊಂದು ಒಳಗಾರಣವಿತ್ತು. ನಾನು ಮಡಿಕೇರಿಯವನು. 1965ರ ಡಿಸೆಂಬರಿನಲ್ಲಿ ಒಂದು ದಿನ ನಮ್ಮ ಮೇಷ್ಟ್ರು ಗೋಡೆಯ ಭೂಪಟದಲ್ಲಿ ಸೈಪ್ರಸ್ಸನ್ನು ಹುಡುಕಿ, ಬೆತ್ತದ ತುದಿಯಿಂದ ತೋರಿಸಿದರು. ಅದು ಬೆತ್ತದ ತುದಿಯಷ್ಟೂ ಇರಲಿಲ್ಲ. ನಮ್ಮೂರಿನಲ್ಲೇ 1906ರಲ್ಲಿ ಹುಟ್ಟಿ, 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಆ ಚುಕ್ಕೆಯಷ್ಟು ನೆಲದಲ್ಲಿ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡಿದ್ದರು. ಅಷ್ಟು ದೂರ ಅವರೇಕೆ ಹೋಗಿದ್ದರೆಂಬುದು ಹನ್ನೆರಡು ವರ್ಷದ ನನಗೆ ಆಗ ತಿಳಿಯಲಿಲ್ಲ.

ಸೈಪ್ರಸ್ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಅಲ್ಲಿ ಗ್ರೀಕ್ ಮಾತಿನವರು ಬಹುಸಂಖ್ಯಾತರು, ಟರ್ಕಿ ಮಾತಿನವರು ಅಲ್ಪಸಂಖ್ಯಾತರು. 1963ರ ಡಿಸೆಂಬರಿನಲ್ಲಿ ಇಬ್ಬರ ನಡುವೆ ರಕ್ತ ಹರಿಯಿತು. ಸಾವಿರಾರು ಟರ್ಕಿ ಸೈಪ್ರಿಯಟರು ತಮ್ಮ ಹಳ್ಳಿಗಳನ್ನು ಬಿಟ್ಟು ಕೇರಿಗಳೊಳಗೆ ಒತ್ತೊತ್ತಾಗಿ ಸೇರಿಕೊಂಡರು. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯನ್ನು ಕಳಿಸಿತು. ಅದರ ಮೊದಲ ದಳಪತಿ ಜನರಲ್ ಗ್ಯಾನಿ ಭಾರತದವರೇ. ಅವರ ತರುವಾಯ ಬಂದವರು ತಿಮ್ಮಯ್ಯ. ಅವರು ಹೋದ ಮೇಲೆ ಸೈಪ್ರಸ್ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಲಾರ್ನಕಾ ಪಟ್ಟಣದ ಒಂದು ಹೆದ್ದಾರಿಗೆ ಅವರ ಹೆಸರಿದೆ. ಗ್ರೀಕರ ನಾಲಗೆಯಲ್ಲಿ ಅದು 'ತಿಮಾಯಾ' ಆಗಿದೆ. ಮೊದಲ ಸಲ ಆ ಫಲಕವನ್ನು ಕಂಡಾಗ ಟ್ಯಾಕ್ಸಿ ನಿಲ್ಲಿಸಿ ಇಳಿದೆ. ಬಿಸಿಲಲ್ಲಿ ಮಗ ಗೊಣಗಿದ.

ಇಷ್ಟು ಅಭಿಮಾನದಿಂದ ಹೋದವನಿಗೆ, ನಾವು ಮೆಚ್ಚಿಕೊಂಡಿದ್ದ ಆ ಕೊಲ್ಲಿಯ ಚರಿತ್ರೆಯೇ ತಿಳಿದಿರಲಿಲ್ಲ. ಅದನ್ನು ತಿಳಿಸಿದವರು 1998ರಲ್ಲಿ ನಮಗೆ ಕೋಣೆ ಬಾಡಿಗೆ ಕೊಟ್ಟ ಮನೆಯೊಡತಿ. ಅಲ್ಲಿ ಗೃಹಿಣಿಯರನ್ನು 'ಕಿರಿಯಾ' ಎಂದು ಕರೆಯುತ್ತಾರೆ, ನಮ್ಮಲ್ಲಿ 'ಅಮ್ಮಾವ್ರೇ' ಎಂದಂತೆ. ಅವರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

"ಇಲ್ಲಿ ನೀವು ನೋಡುವ ಹೋಟೆಲುಗಳಲ್ಲಿ ಒಂದೂ ನನ್ನ ಹುಡುಗುತನದಲ್ಲಿ ಇರಲಿಲ್ಲ. ಇದೆಲ್ಲ ಹೊಲ. ಪ್ರವಾಸಿಗರು ಬರುತ್ತಿದ್ದುದು ನಮ್ಮೂರಿಗೆ," ಎಂದರು ಅವರು.

ಅವರ ಊರು ವರೋಶಾ, ಫಾಮಗುಸ್ತಾ ನಗರದ ಹೊಸ ಭಾಗ. ಹಳೆಯ ಕೋಟೆಯೊಳಗೆ ಟರ್ಕಿ ಸೈಪ್ರಿಯಟರು, ಹೊರಗಿನ ವರೋಶಾದಲ್ಲಿ ಗ್ರೀಕ್ ಸೈಪ್ರಿಯಟರು. ಮೊದಲು ಕಿತ್ತಳೆ ತೋಟಗಳಿಗೆ ಹೆಸರಾದ ಊರು, 1970ರ ಹೊತ್ತಿಗೆ ಯುರೋಪಿನ ಸಿರಿವಂತರು ಬಂದಿಳಿಯುವ ಕಡಲತಡಿಯಾಗಿತ್ತು. 1974ರ ಜುಲೈ 15ರಂದು, ಗ್ರೀಸಿನ ಸೈನಿಕ ಸರ್ಕಾರದ ಕುಮ್ಮಕ್ಕಿನಿಂದ, ಅಧ್ಯಕ್ಷ ಮಕಾರಿಯೋಸರ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. 20ರಂದು ಟರ್ಕಿಯ ಸೇನೆ ದ್ವೀಪಕ್ಕೆ ಇಳಿಯಿತು. ಆಗ ಶಾಂತಿಪಡೆಯ ದಳಪತಿಯಾಗಿದ್ದವರೂ ಒಬ್ಬ ಭಾರತೀಯ, ಜನರಲ್ ಪ್ರೇಮಚಂದ್. ಆಗಸ್ಟ್ 14ರಂದು ಎರಡನೆಯ ದಾಳಿ ಮೊದಲಾದಾಗ ವರೋಶಾ ಬರಿದಾಯಿತು.

"ಎರಡು ಮೂರು ದಿನದ ಮಾತು ಎಂದುಕೊಂಡೆವು. ಹೆಚ್ಚಿಟ್ಟ ಕಲ್ಲಂಗಡಿ ಕೆಟ್ಟೀತೆಂದು ಅಮ್ಮ ಅದನ್ನು ಕಾರಿಗೆ ಹಾಕಿಕೊಂಡಳು. ಫೋಟೋ ಆಲ್ಬಂ ಬಿಟ್ಟಳು. ಅದೇನು ಕೆಡುವ ವಸ್ತುವೇ?" ಎಂದರು ಕಿರಿಯಾ.

ಟರ್ಕಿಯ ಸೇನೆ ವರೋಶಾಕ್ಕೆ ಬೇಲಿ ಹಾಕಿತು. ಉತ್ತರದಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಬಂದರು. ದಕ್ಷಿಣದಲ್ಲಿದ್ದ ಹತ್ತಾರು ಸಾವಿರ ಟರ್ಕಿ ಸೈಪ್ರಿಯಟರೂ ಮನೆಮಠ ಬಿಟ್ಟು ಉತ್ತರಕ್ಕೆ ಹೋದರು. ಆ ಮಾತನ್ನು ಕಿರಿಯಾ ಆಡಲಿಲ್ಲ. ನಾನು ಅನಂತರ ಓದಿ ತಿಳಿದೆ. ವರೋಶಾದಲ್ಲಿ ಅದರ ನಿವಾಸಿಗಳ ಹೊರತು ಬೇರೆಯವರು ನೆಲಸಕೂಡದೆಂದು 1984ರಲ್ಲಿ ಭದ್ರತಾ ಮಂಡಳಿ ತನ್ನ 550ನೆಯ ನಿರ್ಣಯದಲ್ಲಿ ಹೇಳಿತು. ಬೇರೆಯವರು ನೆಲಸಲಿಲ್ಲ, ನಿವಾಸಿಗಳೂ ಮರಳಲಿಲ್ಲ. ಕಳೆದುಹೋದ ಆ ತೀರಕ್ಕೆ ಬದಲಾಗಿ ದಕ್ಷಿಣದವರು ಐಯಾ ನಾಪಾ, ಪ್ರೊಟಾರಸ್‌ಗಳನ್ನು ಬೆಳೆಸಿದರು. ನಾವು ದೇವರು ಕೊಟ್ಟದ್ದೆಂದು ಸುಖಿಸಿದ ಕೊಲ್ಲಿ ಇನ್ನೊಂದು ಊರಿನ ಅಳಿವಿನಿಂದ ಬೆಳೆದದ್ದು.

ಮರುದಿನ ಹತ್ತಿರದ ದೆರೀನಿಯಾಕ್ಕೆ ಹೋಗಿ, ಮನೆಯೊಂದರ ತಾರಸಿ ಹತ್ತಿ, ಕಾಸು ಕೊಟ್ಟು ದುರ್ಬೀನಿನಲ್ಲಿ ನೋಡಿದೆವು. ಕಡಲಿನುದ್ದಕ್ಕೂ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡಗಳ ಸಾಲು, ಕಿಟಕಿಗಳಿಗೆ ಗಾಜಿಲ್ಲ. "ಅಪ್ಪಾ, ಅಷ್ಟು ಮನೆಗಳಿವೆ, ಒಂದು ಬಟ್ಟೆಯೂ ಒಣಗಹಾಕಿಲ್ಲ," ಎಂದ ಮಗ.

2022ರಲ್ಲಿ ನಾವು ಮತ್ತೆ ಹೋದಾಗ ಕಾಲ ಬದಲಾಗಿತ್ತು. ಗಡಿಯ ದಾರಿಗಳು 2003ರಿಂದ ತೆರೆದಿದ್ದವು, ದೆರೀನಿಯಾದ ದಾರಿ 2018ರ ನವೆಂಬರಿನಲ್ಲಿ ತೆರೆಯಿತು. ವರೋಶಾದ ಒಂದು ಭಾಗವನ್ನು ಉತ್ತರದ ಆಡಳಿತ 2020ರ ಅಕ್ಟೋಬರ್ 8ರಂದು ಸಾರ್ವಜನಿಕರಿಗೆ ಬಿಟ್ಟಿತ್ತು. ನಾವು ಪಾಸ್‌ಪೋರ್ಟ್ ತೋರಿಸಿ ಹೋದೆವು. ರಸ್ತೆಗೆ ಹೊಸ ಡಾಂಬರು, ಬಾಡಿಗೆಗೆ ಸೈಕಲ್ಲು. ಇಕ್ಕೆಲದ ಮನೆಗಳಿಗೆ ಹಗ್ಗ ಕಟ್ಟಿ ಒಳಹೋಗಬಾರದೆಂದು ಫಲಕ ಹಾಕಿದ್ದರು. ಮಹಡಿಗಳಲ್ಲಿ ಗಿಡ ಬೆಳೆದಿತ್ತು. ಮುರಿದ ಹೋಟೆಲುಗಳ ಎದುರಿನ ಮರಳಿನಲ್ಲಿ ಕೊಡೆಯಡಿ ಮಲಗಿ ಜನ ಬಿಸಿಲು ಕಾಯಿಸುತ್ತಿದ್ದರು. ಮೊಮ್ಮಗಳು ನೀರಿಗಿಳಿಯಲು ಹಟ ಮಾಡಿದಳು. ನನ್ನ ಹೆಂಡತಿ ಬಿಡಲಿಲ್ಲ. ಅದಕ್ಕೆ ಕಾರಣವನ್ನು ಮಗುವಿಗೆ ತಿಳಿಯುವಂತೆ ಹೇಳಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಅಂದು ಹೊರಡುವಾಗ ಕಿರಿಯಾರನ್ನೂ ಕರೆದಿದ್ದೆ. ಅವರು ತಲೆಯಾಡಿಸಿದರು. "ನೀವು ಹೋಗಿಬನ್ನಿ. ಟಿಕೆಟ್ಟಿನವರ ಹಾಗೆ ಹೋಗಿ ನೋಡಿಬರುವ ಊರಲ್ಲ ನನಗೆ ಅದು."

ಸಂಜೆ ಜಗಲಿಯಲ್ಲಿ ಕುಳಿತಾಗ ಮೊಮ್ಮಗಳು ತನ್ನ ತಾಯಿಯ ಫೋನಿನಲ್ಲಿ ತೆಗೆದ ಚಿತ್ರವೊಂದನ್ನು ಅವರ ಮುಂದೆ ಹಿಡಿದಳು. ನಾವು ತಡೆಯುವಷ್ಟರಲ್ಲಿ ಅವರು ಕನ್ನಡಕ ಹಾಕಿಕೊಂಡಾಗಿತ್ತು. ಬಹಳ ಹೊತ್ತು ನೋಡಿದರು. "ಇದು ನಮ್ಮ ಬೀದಿಯಲ್ಲ," ಎಂದು ಫೋನನ್ನು ಹಿಂದಕ್ಕೆ ಕೊಟ್ಟು, ಒಳಗೆ ಹೋಗಿ ಕಲ್ಲಂಗಡಿ ಹೆಚ್ಚಿ ತಂದರು.

"ಅಜ್ಜಾ, ಮುಂದಿನ ವರ್ಷವೂ ಇಲ್ಲಿಗೇ ಬರೋಣ," ಎಂದಳು ಮೊಮ್ಮಗಳು. 1996ರಲ್ಲಿ ಮಗ ಇದೇ ಮಾತು ಹೇಳಿದಾಗ ಥಟ್ಟನೆ 'ಆಗಲಿ' ಎಂದಿದ್ದೆ. ಈ ಸಲ ನಾನು ಬಾಯಿ ತೆರೆಯುವ ಮೊದಲೇ ಕಿರಿಯಾ ಹೇಳಿದರು, "ಬಾ ಮಗು, ಕೋಣೆ ತೆಗೆದಿಟ್ಟಿರುತ್ತೇನೆ."