ಸುಳ್ಳಿಗೂ ಒಂದು ಅಳತೆ: ಪೋಕರ್ ಲೆಕ್ಕದ ಕಥೆ

ಇವತ್ತು ನಾನು ಆರಿಸಿಕೊಂಡಿರೋದು ಇಸ್ಪೀಟಿನ ವಿಷಯ. ಮುಂಬೈ, ಹೈದರಾಬಾದ್ ಕಡೆ ಇರುವ ನಮ್ಮವರಿಗೆ ರಮ್ಮಿ, ತೀನ್ ಪತ್ತಿ ಹೊಸದೇನಲ್ಲ. ಪೋಕರ್‌ನಲ್ಲಿ ಪ್ರತಿ ಸಲ ಎದುರಾಗುವ ಪ್ರಶ್ನೆ ಇದು: ಬೆಟ್ ಹಾಕಬೇಕಾ, ಎದುರಾಳಿಯ ಬೆಟ್ಟಿಗೆ ಅಷ್ಟೇ ಹಣ ಕೊಟ್ಟು ಕಾಲ್ ಮಾಡಬೇಕಾ, ಇಲ್ಲಾ ಎಲೆ ಕೆಳಗಿಟ್ಟು ಫೋಲ್ಡ್ ಆಗಬೇಕಾ? ಧೈರ್ಯ ಇದ್ದವನೇ ಗೆಲ್ತಾನೆ ಅಂತಾರೆ. ಗಣಿತ ಹಾಗನ್ನಲ್ಲ.

1928ರಲ್ಲಿ ಜಾನ್ ವಾನ್ ನಾಯ್ಮನ್ ಆಟಗಳ ಬಗ್ಗೆ ಒಂದು ಗಣಿತ ಪ್ರಬಂಧ ಬರೆದರು. 1944ರಲ್ಲಿ ಮಾರ್ಗೆನ್‌ಸ್ಟರ್ನ್ ಜೊತೆ ಬರೆದ ಪುಸ್ತಕದಲ್ಲಿ ಬ್ಲಫ್ ಅನ್ನೂ ಲೆಕ್ಕಕ್ಕೆ ತಂದರು. 1950ರಲ್ಲಿ ಹೆರಾಲ್ಡ್ ಕೂನ್ ಅದನ್ನು ಮೂರೇ ಎಲೆಗೆ ಇಳಿಸಿದರು. ಗುಲಾಮ, ರಾಣಿ, ರಾಜ ಅಂದುಕೊಳ್ಳಿ. ಇಬ್ಬರು ಆಟಗಾರರು, ತಲಾ ಒಂದು ನಾಣ್ಯ ನಡುವೆ, ಆಮೇಲೆ ಒಂದೇ ನಾಣ್ಯದ ಬೆಟ್.

ಮೊದಲನೆಯವನು ರಾಜ ಬಂದಾಗಲೆಲ್ಲ ಬೆಟ್ ಹಾಕ್ತಾನೆ, ಗುಲಾಮ ಬಂದಾಗ ಮೂರಕ್ಕೆ ಒಂದು ಸಲ ಸುಳ್ಳು ಬೆಟ್ ಹಾಕ್ತಾನೆ ಅಂತಿಟ್ಟುಕೊಳ್ಳಿ. ಎರಡನೆಯವನ ಕೈಯಲ್ಲಿ ರಾಣಿ. ಅವನು ಕಾಣುವ ನಾಲ್ಕು ಬೆಟ್‌ಗಳಲ್ಲಿ ಮೂರು ನಿಜ, ಒಂದು ಸುಳ್ಳು. ಕಾಲ್‌ಗೆ ಒಂದು ನಾಣ್ಯ, ಗೆದ್ದರೆ ಮೂರು. ಮೂರು ಸಲ ಒಂದೊಂದು ಹೋಗುತ್ತೆ, ಒಂದು ಸಲ ಮೂರು ಬರುತ್ತೆ. ಲೆಕ್ಕ ಸಮ! ಸುಳ್ಳು ಇದಕ್ಕಿಂತ ಹೆಚ್ಚಾದರೆ ಅವನು ಯಾವಾಗಲೂ ಕಾಲ್ ಮಾಡ್ತಾನೆ, ಕಡಿಮೆಯಾದರೆ ಯಾವಾಗಲೂ ಫೋಲ್ಡ್ ಆಗ್ತಾನೆ. ಬ್ಲಫ್ ಅನ್ನೋದು ಗುಂಡಿಗೆಯ ಮಾತಲ್ಲ, ಅಳತೆಯ ಮಾತು.

ಈಗ ಲಿಮಿಟ್ ಹೋಲ್ಡೆಮ್‌ಗೆ ಬರೋಣ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಐದು. ಬೆಟ್ಟಿನ ಮೊತ್ತ ಮೊದಲೇ ನಿಗದಿ. ಮೊದಲ ಎರಡು ಸುತ್ತಿಗೆ ಚಿಕ್ಕದು, ಕೊನೆಯ ಎರಡಕ್ಕೆ ಅದರ ಎರಡರಷ್ಟು. ದೊಡ್ಡ ಮೊತ್ತ ಎಸೆದು ಹೆದರಿಸೋ ಹಾಗಿಲ್ಲ. ಕೊನೆಯ ಸುತ್ತಿನಲ್ಲಿ ನಡುವೆ 6 ಇದೆ, ಎದುರಾಳಿ 1 ಹಾಕಿದ ಅನ್ನಿ. ನೀವು 1 ಕೊಟ್ಟರೆ 7 ಸಿಗಬಹುದು. ಎಂಟರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಹಾಗಾಗಿ ಈ ಆಟದಲ್ಲಿ ಕೊನೆಗೆ ಅವಸರಪಟ್ಟು ಫೋಲ್ಡ್ ಆಗೋದು ದುಬಾರಿ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಈ ಆಟದ ಬೆನ್ನು ಬಿಡಲಿಲ್ಲ. 2007ರಲ್ಲಿ ಅವರ ಪೊಲಾರಿಸ್ ಪ್ರೋಗ್ರಾಂ ವ್ಯಾಂಕೂವರ್‌ನಲ್ಲಿ ಫಿಲ್ ಲಾಕ್, ಅಲಿ ಎಸ್ಲಾಮಿ ಅವರೆದುರು ಸ್ವಲ್ಪದರಲ್ಲಿ ಸೋತಿತು. 2008ರಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರ ಆಟಗಾರರನ್ನು ಸೋಲಿಸಿತು. 2015ರ ಜನವರಿಯಲ್ಲಿ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಇಬ್ಬರ ಲಿಮಿಟ್ ಹೋಲ್ಡೆಮ್ ಬಿಡಿಸಿಯಾಯ್ತು. ಪ್ರೋಗ್ರಾಂ ಹೆಸರು ಸೀಫಿಯಸ್. ತನ್ನೊಂದಿಗೆ ತಾನೇ ಆಡುತ್ತಾ, ಪ್ರತಿ ತೀರ್ಮಾನದ ಮೇಲೂ "ಅಯ್ಯೋ, ಹಾಗೆ ಆಡಿದ್ದರೆ ಎಷ್ಟು ಬರ್ತಿತ್ತು" ಅಂತ ಲೆಕ್ಕ ಇಟ್ಟುಕೊಂಡು ಕಲಿಯಿತು. 4,800 ಪ್ರೊಸೆಸರ್ ಕೋರ್‌ಗಳು ಎರಡು ತಿಂಗಳಿಗೂ ಹೆಚ್ಚು ಕಾಲ ದುಡಿದವು. ಜೀವಮಾನವಿಡೀ ಆಡಿದರೂ ಅದರ ಆಟದಲ್ಲಿ ಹುಳುಕಿದೆ ಅಂತ ಸಾಬೀತು ಮಾಡೋಕಾಗಲ್ಲ.

ನನಗೆ ಮುಖ್ಯ ಅನ್ನಿಸೋದು ಇದರ ಮುಂದಿನ ಮಾತು. ಎಲೆ ಹಂಚುವ ಜಾಗದಲ್ಲಿ ಕೂತವನಿಗೆ ಸ್ವಲ್ಪ ಲಾಭವಿದೆ ಅಂತಲೂ ಆ ಲೆಕ್ಕ ತೋರಿಸಿತು. ಆದರೆ ಆ ಜಾಗ ಇಬ್ಬರ ನಡುವೆ ಬದಲಾಗುತ್ತಲೇ ಇರುತ್ತೆ. ಅಂದಮೇಲೆ ಇಬ್ಬರೂ ತಪ್ಪಿಲ್ಲದೆ ಆಡಿದರೆ ಕೊನೆಗೆ ಉಳಿಯೋದು ಸೊನ್ನೆ. ಅದರ ಮೇಲೆ ಆಟ ನಡೆಸುವವರು ಪ್ರತಿ ಕೈಯಲ್ಲೂ ತಮ್ಮ ಪಾಲು ಮುರಿದುಕೊಂಡರೆ? ಇಬ್ಬರು ಪಂಡಿತರೂ ಸೋಲ್ತಾರೆ, ಎಲೆಯನ್ನೇ ಮುಟ್ಟದವರು ಗೆಲ್ತಾರೆ. "ಇದು ಬುದ್ಧಿಯ ಆಟ" ಅಂತ ಯಾರಾದರೂ ಕರೆದಾಗ ಆ ಮೂರನೆಯವರ ಪಾಲೆಷ್ಟು ಅಂತ ಮೊದಲು ಕೇಳಿ.